ಫಾರ್ಮ್ಯಾಟ್‌ಗೆ ಮುಂಚಿನ ಪ್ರತಿ

ವಿಂಡೋಸ್ 98 ತೆಗೆಸಿ ಎಕ್ಸ್‌ಪಿ ಹಾಕಿಸಿಕೊಳ್ಳುತ್ತಿದ್ದ ಕಾಲದಲ್ಲಿ ಬ್ಯಾಕಪ್ ಎಂದರೆ ಸಾಮಾನ್ಯವಾಗಿ ಇಷ್ಟೇ: ಸಿ ಡ್ರೈವ್‌ನಲ್ಲಿದ್ದದ್ದನ್ನು ಡಿ ಡ್ರೈವ್‌ಗೆ ಸಾಗಿಸಿ, ಸಿ ಯನ್ನು ಫಾರ್ಮ್ಯಾಟ್ ಹೊಡೆಯುವುದು. ಮುಂಬಯಿ ಬಳಿಯ ಥಾಣೆ, ಕಲ್ಯಾಣಗಳ ಮನೆ ಕಂಪ್ಯೂಟರುಗಳಿಗೂ ಇದೇ ಉಪಚಾರ. ಆದರೆ ಎಷ್ಟೋ ಕಡೆ ಸಿ, ಡಿ ಎರಡೂ ಒಂದೇ ಹಾರ್ಡ್ ಡಿಸ್ಕಿನ ಪಾಲುಗಳು. ಡಿಸ್ಕ್ ಕೆಟ್ಟರೆ ಮೂಲದ ಜೊತೆಗೇ ಪ್ರತಿಯೂ ಹೋಗುತ್ತಿತ್ತು. 1.44 ಎಂಬಿಯ ಫ್ಲಾಪಿಯಲ್ಲಿ ಹಿಡಿಸುತ್ತಿದ್ದುದು ಅಷ್ಟಕ್ಕಷ್ಟೇ. 700 ಎಂಬಿಯ ಸಿಡಿ ಅಗ್ಗವಾದ ಮೇಲೆ ಪ್ರತಿಯು ಕಂಪ್ಯೂಟರಿನ ಪೆಟ್ಟಿಗೆಯಿಂದ ಹೊರಬಂತು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಅದೂ ಸಾಲುತ್ತಿರಲಿಲ್ಲ. 1998ರಲ್ಲಿ ಬಂದ ಬರಹ, ಆಮೇಲಿನ ನುಡಿ, ಹಾಗೆಯೇ ಶ್ರೀಲಿಪಿಯಂಥ ತಂತ್ರಾಂಶಗಳಲ್ಲಿ ಯೂನಿಕೋಡ್ ಬಳಕೆಗೆ ಮುಂಚೆ ಬರೆದದ್ದೆಲ್ಲ ಆಯಾ ಫಾಂಟನ್ನೇ ನಂಬಿಕೊಂಡಿತ್ತು. ಡೊಂಬಿವಲಿಯಂಥ ಊರಿನ ಕನ್ನಡ ಸಂಘದ ವಾರ್ಷಿಕ ವರದಿಯೋ ಆಮಂತ್ರಣವೋ ಜೋಪಾನವಾಗಿ ಸಿಡಿ ಸೇರಿದ್ದರೂ, ಫಾಂಟು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲೇ ಉಳಿದಿದ್ದರೆ ಫಾರ್ಮ್ಯಾಟಿನಲ್ಲಿ ಅದು ಅಳಿಸಿಹೋಗುತ್ತಿತ್ತು. ಹೊಸ ವಿಂಡೋಸಿನಲ್ಲಿ ಕಡತ ತೆರೆದುಕೊಳ್ಳುತ್ತಿತ್ತು, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತಿದ್ದವು.

ಪೆಟ್ಟಿಗೆಯಿಂದ ಹೊರಬಂದ ಪ್ರತಿಯೂ ಅದರ ಪಕ್ಕದಲ್ಲೇ ಇದ್ದರೆ ಸಾಲದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕಲ್ಯಾಣ, ಡೊಂಬಿವಲಿಗಳ ತಗ್ಗು ಪ್ರದೇಶಗಳಿಗೂ ನೀರು ನುಗ್ಗಿತು. ನೆಲಮಹಡಿಯಲ್ಲಿ ಕಂಪ್ಯೂಟರನ್ನೂ ಅದರ ಪಕ್ಕದ ಕಪಾಟಿನಲ್ಲೇ ಸಿಡಿಗಳನ್ನೂ ಇಟ್ಟವರಿಗೆ ಅಂಥ ನೆರೆಯಲ್ಲಿ ಪ್ರತಿ ಇದ್ದೂ ಇಲ್ಲದಂತೆಯೇ.

ಅತಿ ದೊಡ್ಡ ಪಾಠ ಬಂದದ್ದು ನವಿಮುಂಬಯಿಗೆ ತಾಗಿದ ನ್ಹಾವಾ ಶೇವಾ ಬಂದರಿನಲ್ಲಿ. 2017ರ ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟಿನೊಳಗೆ ಅಡಗಿ ಬಂದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ, ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್‌ನ ಜಾಲಕ್ಕೆ ನುಗ್ಗಿತು. ಅದೇ ಸಮೂಹ ನಡೆಸುತ್ತಿದ್ದ ಇಲ್ಲಿನ ಗೇಟ್‌ವೇ ಟರ್ಮಿನಲ್‌ನ ಕಂಪ್ಯೂಟರುಗಳೂ ನಿಂತವು. ಕಂಟೇನರುಗಳ ಲೆಕ್ಕ ಕೈಯಲ್ಲಿ ಹಿಡಿಯಬೇಕಾಯಿತು. ನಾಟ್‌ಪೆಟ್ಯಾ ಬಳಸಿದ ವಿಂಡೋಸ್ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಆದರೆ ಕದ್ದ ಪಾಸ್‌ವರ್ಡುಗಳಿಂದಲೂ ಅದು ಹರಡುತ್ತಿದ್ದರಿಂದ ತೇಪೆ ಹಾಕಿದ ಯಂತ್ರಗಳೂ ಬಿದ್ದವು.

ಮೇರ್ಸ್ಕ್‌ನ ಬಳಿ ಬ್ಯಾಕಪ್ ಇರಲಿಲ್ಲವೆಂದಲ್ಲ. ಯಾರು ಯಾವ ಯಂತ್ರಕ್ಕೆ ಲಾಗಿನ್ ಆಗಬಹುದೆಂದು ನಿರ್ಧರಿಸುವ ಸುಮಾರು 150 ಸರ್ವರುಗಳು ಒಂದಕ್ಕೊಂದು ಪ್ರತಿಗಳಾಗಿದ್ದವು. ಎಲ್ಲವೂ ಒಂದೇ ಜಾಲದಲ್ಲಿದ್ದುದರಿಂದ ಒಟ್ಟಿಗೇ ಅಳಿದವು. ಉಳಿದದ್ದು ಘಾನಾದ ಒಂದೇ ಒಂದು, ಅದೂ ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ. ಆ ದತ್ತಾಂಶವನ್ನು ನೈಜೀರಿಯಾ ಮಾರ್ಗವಾಗಿ ಜನರ ಕೈಯಲ್ಲೇ ಬ್ರಿಟನ್‌ಗೆ ತರಿಸಲಾಯಿತು. ಹತ್ತು ದಿನಗಳಲ್ಲಿ 45,000 ಪಿಸಿಗಳನ್ನೂ 4,000 ಸರ್ವರುಗಳನ್ನೂ ಹೊಸದಾಗಿ ಕಟ್ಟಿದೆವು ಎಂದು ಮರುವರ್ಷ ಕಂಪನಿಯ ಅಧ್ಯಕ್ಷರು ದಾವೋಸ್‌ನಲ್ಲಿ ಹೇಳಿದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದು, ಅಪ್‌ಗ್ರೇಡಿನ ಸರದಿ ಮತ್ತೆ ಬಂದಿದೆ. ಹಳೆಯ ನುಡಿ, ಬರಹ ಕಡತಗಳಿರುವ ಸಂಘ ಸಂಸ್ಥೆಗಳು ಫಾಂಟುಗಳನ್ನೂ ಸೇರಿಸಿ ಹೊರಗಿನ ಡಿಸ್ಕಿಗೆ ನಕಲಿಸಿ, ಅದನ್ನು ಕಂಪ್ಯೂಟರಿನಿಂದ ಕಳಚಿ ಬೇರೆ ಕಟ್ಟಡದಲ್ಲಿಡಬೇಕು. ಯೂನಿಕೋಡ್‌ಗೆ ಬದಲಿಸುವ ಕೆಲಸವೂ ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಆದರೆ, ಪರದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಬಹುದು.