ಹಾಲಿನ ಕ್ಯಾನುಗಳೂ ಮೂರು ದೂರವಾಣಿ ಕರೆಗಳೂ

ಮುನ್ನೆಚ್ಚರಿಕೆ ಕೊಟ್ಟು ಮಾಡಿದ ಹಿಂಸೆಯ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಜೆರುಸಲೇಮಿನ ಕಿಂಗ್ ಡೇವಿಡ್ ಹೋಟೆಲಿನ ಸ್ಫೋಟದಷ್ಟು ತೀಕ್ಷ್ಣವಾಗಿ ಮುಂದಿಡುವ ಘಟನೆಗಳು ವಿರಳ. 1946ರ ಜುಲೈ 22ರ ಮಧ್ಯಾಹ್ನ ಆ ಕಟ್ಟಡದ ದಕ್ಷಿಣ ಪಾರ್ಶ್ವ ಕುಸಿದು 91 ಮಂದಿ ಅಸುನೀಗಿದರು.

ಪ್ಯಾಲೆಸ್ಟೈನ್ ಆಗ ಬ್ರಿಟಿಷರ ಆಡಳಿತದಲ್ಲಿತ್ತು. ಹೋಟೆಲಿನ ಒಂದು ಭಾಗದಲ್ಲಿ ಅತಿಥಿಗಳು ತಂಗುತ್ತಿದ್ದರೆ, ದಕ್ಷಿಣ ಭಾಗದಲ್ಲಿ ಸರಕಾರದ ಸಚಿವಾಲಯವೂ ಸೇನಾ ಕಚೇರಿಯೂ ಇದ್ದವು. ನಾಜಿಗಳ ನರಮೇಧದಿಂದ ಬದುಕುಳಿದ ಯೆಹೂದಿಗಳ ವಲಸೆಗೂ ಬ್ರಿಟಿಷರು ಕಠಿಣ ಮಿತಿ ಹೇರಿದ್ದರು. ಆ ಜನರ ಆಕ್ರೋಶ ನಿರಾಧಾರವಾದುದಲ್ಲ. ಜೂನ್ 29ರಂದು ಸೈನ್ಯವು ಯೆಹೂದಿ ಸಂಸ್ಥೆಗಳ ಮೇಲೆ ದಾಳಿಯಿಟ್ಟು ಸಾವಿರಾರು ಜನರನ್ನು ಬಂಧಿಸಿ, ಕಾಗದಪತ್ರಗಳನ್ನು ವಶಪಡಿಸಿಕೊಂಡಿತು. ಅದಕ್ಕೆ ಉತ್ತರವಾಗಿ ಮೆನಾಹೆಮ್ ಬೆಗಿನ್ ನೇತೃತ್ವದ ಇರ್ಗುನ್ ಎಂಬ ಗುಪ್ತಪಡೆ ಈ ಕಾರ್ಯಕ್ಕಿಳಿಯಿತು.

ವೇಷ ಮರೆಸಿಕೊಂಡ ಯುವಕರು ಸುಮಾರು 350 ಕಿಲೋ ಸ್ಫೋಟಕವನ್ನು ಹಾಲಿನ ಕ್ಯಾನುಗಳಲ್ಲಿ ತುಂಬಿ, ನೆಲಮಾಳಿಗೆಯ ಉಪಾಹಾರ ಗೃಹದೊಳಕ್ಕೆ ಸಾಗಿಸಿದರು. ಅಡುಗೆಮನೆಗೆ ಬರುವ ಹಾಲನ್ನು ಯಾರು ತಾನೆ ಶಂಕಿಸುತ್ತಾರೆ? ಬಳಿಕ ಹೋಟೆಲಿಗೂ, ಸಮೀಪದ ಫ್ರೆಂಚ್ ದೂತಾವಾಸಕ್ಕೂ, ಒಂದು ಪತ್ರಿಕಾ ಕಚೇರಿಗೂ ದೂರವಾಣಿಯ ಮೂಲಕ ಎಚ್ಚರಿಕೆ ನೀಡಲಾಯಿತು. ಕಟ್ಟಡ ಮಾತ್ರ ತೆರವಾಗಲಿಲ್ಲ.

ಕರೆ ಬಂದದ್ದು ಯಾವಾಗ, ಅದು ಯಾರ ಕಿವಿಗೆ ಬಿದ್ದಿತು, ಯಾರು ಅಲಕ್ಷಿಸಿದರು ಎಂಬ ವಾದ ದಶಕಗಳ ಕಾಲ ನಡೆಯಿತು. ಮುಖ್ಯ ಕಾರ್ಯದರ್ಶಿ ಸರ್ ಜಾನ್ ಶಾ ಎಚ್ಚರಿಕೆಯನ್ನು ತಿರಸ್ಕರಿಸಿದರೆಂಬ ಆರೋಪ ಬಂತು. ಅವರು ಅದನ್ನು ನಿರಾಕರಿಸಿದರು. ಆದರೆ ಈ ವಾದವೆಲ್ಲ ಮುಖ್ಯ ವಿಷಯವನ್ನು ಮರೆಸುತ್ತದೆ. ಜನರಿಂದ ತುಂಬಿದ ಕಟ್ಟಡದ ತಳದಲ್ಲಿ ಸಿಡಿಮದ್ದನ್ನಿಟ್ಟು, ಅವರ ಪ್ರಾಣವನ್ನು ಒಂದು ಕರೆಯ ಮೇಲೂ ಅದನ್ನು ಕೇಳಿದವರ ವಿವೇಕದ ಮೇಲೂ ತೂಗುಬಿಟ್ಟವರು ಯಾರು? ಕೊಲ್ಲುವ ಸಂಕಲ್ಪ ಇರಲಿಲ್ಲವೆಂದೇ ಇಟ್ಟುಕೊಳ್ಳೋಣ. ಕೊಲೆಯಾಗಬಹುದೆಂಬ ಅರಿವಂತೂ ಇತ್ತು. ಎಚ್ಚರಿಕೆ ಕೊಟ್ಟದ್ದೇ ಆ ಅರಿವಿಗೆ ಸಾಕ್ಷಿ!

ಸತ್ತವರ ಪಟ್ಟಿ ಇನ್ನಷ್ಟು ಕಠೋರವಾದುದು. ಅರಬರು 41, ಬ್ರಿಟಿಷರು 28, ಯೆಹೂದಿಗಳು 17. ಜೊತೆಗೆ ಇಬ್ಬರು ಆರ್ಮೇನಿಯನ್ನರು, ರಷ್ಯ, ಗ್ರೀಸ್, ಈಜಿಪ್ಟಿನ ಒಬ್ಬೊಬ್ಬರು. ಗುಮಾಸ್ತರು, ಬೆರಳಚ್ಚುಗಾರರು, ಹೋಟೆಲಿನ ನೌಕರರು ಅವರಲ್ಲಿದ್ದರು. ಯಾರ ಹೆಸರಿನಲ್ಲಿ ಸ್ಫೋಟ ನಡೆಯಿತೋ ಅವರೇ ಹದಿನೇಳು ಮಂದಿ.

ಯೆಹೂದಿ ನಾಯಕತ್ವವು ಕೃತ್ಯವನ್ನು ಖಂಡಿಸಿತು. ಆದರೆ ಅದರ ಅಂಗವಾಗಿದ್ದ ಹಗಾನಾ ಪಡೆ ಮೊದಲು ಯೋಜನೆಗೆ ಸಮ್ಮತಿಸಿ, ಅನಂತರ ಮುಂದೂಡಲು ಕೇಳಿತ್ತೆಂಬುದೂ ನಿಜ. ಬ್ರಿಟಿಷ್ ಸೇನಾಧಿಕಾರಿ ಜನರಲ್ ಬಾರ್ಕರ್ ಕೂಡ ವಿವೇಕ ತೋರಲಿಲ್ಲ. ಇಡೀ ಯೆಹೂದಿ ಸಮುದಾಯವನ್ನು ಹಳಿದು, ಅವರ ಅಂಗಡಿ, ಮನೆಗಳಿಗೆ ಸೈನಿಕರು ಹೋಗಬಾರದೆಂದು ಆಜ್ಞಾಪಿಸಿದರು.

1948ರಲ್ಲಿ ಬ್ರಿಟಿಷರು ಹೊರಟುಹೋದರು. ಬೆಗಿನ್ 1977ರಲ್ಲಿ ಇಸ್ರೇಲಿನ ಪ್ರಧಾನಿಯಾಗಿ, 1978ರಲ್ಲಿ ಈಜಿಪ್ಟಿನ ಸಾದತ್ ಅವರೊಡನೆ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡರು. ಘಟನೆಯ ಅರವತ್ತನೆಯ ವರ್ಷವಾದ 2006ರಲ್ಲಿ ಹೋಟೆಲಿನ ಬಳಿ ಸ್ಮಾರಕ ಫಲಕವೊಂದನ್ನು ಇಟ್ಟಾಗ, ಕಟ್ಟಡ ತೆರವಾಗದಿದ್ದುದರ ಹೊಣೆಯನ್ನು ಅದು ಬ್ರಿಟಿಷರ ಮೇಲೆಯೇ ಹೊರಿಸಿತ್ತು. ಬ್ರಿಟಿಷ್ ರಾಯಭಾರಿ ಪ್ರತಿಭಟಿಸಿದರು. ಫಲಕದ ಇಂಗ್ಲಿಷ್ ಒಕ್ಕಣೆಯನ್ನು ತಿದ್ದಲಾಯಿತು.