ಬಂದ್ ಬೀಳದ ಗಾಡಿ: ಹ್ಯಾಂಡಲ್ಲಿನಿಂದ ಹಾಫ್ ಕ್ಲಚ್ಚಿನವರೆಗೆ

ಗೇರ್ ಕಾರಿನ ಎಂಜಿನ್ ಹೆಚ್ಚಾಗಿ ಬಂದ್ ಬೀಳುವುದು ಹೊರಡುವ ಹೊತ್ತಿನಲ್ಲೇ. ನಿಂತ ಗಾಡಿಯಲ್ಲಿ ಅದು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಆ ವೇಗದಲ್ಲಿ ಅದಕ್ಕೆ ಕಸುವು ಕಡಿಮೆ. ಕ್ಲಚ್ ಒಮ್ಮೆಲೇ ಬಿಟ್ಟರೆ ಗಾಡಿಯ ಭಾರವೆಲ್ಲ ಎಂಜಿನ್ನಿನ ಮೇಲೆ ಬಿದ್ದು ಅದು ನಿಂತೇಬಿಡುತ್ತದೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಇದಕ್ಕೆ ಬಿಸಿಲೂ ಏರು ರಸ್ತೆಯೂ ಸೇರಿಕೊಳ್ಳುತ್ತವೆ.

ಹಿಂದೆ ಈ ಮೂರೂ ಊರುಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1871ರ ಹೊತ್ತಿಗೆ ಯಾದಗಿರಿಗೆ ರೈಲು ಬಂತು. ಅಲ್ಲಿಂದ ಶಹಾಪುರ, ಸುರಪುರಕ್ಕೆ ರಸ್ತೆಯೇ ಗತಿ. ನಿಜಾಮ್ ಸರ್ಕಾರ ತನ್ನ ಬಸ್ ಸೇವೆಯನ್ನು 1932ರಲ್ಲಿ 27 ಬಸ್ಸುಗಳೊಂದಿಗೆ ಆರಂಭಿಸಿತು. ವಿದ್ಯುತ್ ಸ್ಟಾರ್ಟರ್ 1912ರಲ್ಲೇ ಅಮೆರಿಕದ ಕಾರುಗಳಿಗೆ ಬಂದಿದ್ದರೂ, ಆ ಕಾಲದ ಗಾಡಿಗಳಲ್ಲಿ ಬ್ಯಾಟರಿ ಸೋತಾಗ ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ಲೇ ಆಸರೆ. ಅಂಬಾಸಿಡರ್ ಕಾರಿಗೂ ಅದು ಇತ್ತು. ಗಾಡಿ ನಿಂತರೆ ಚಾಲಕ ಇಳಿದು, ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಎಳೆಯಬೇಕಿತ್ತು. ಹೆಬ್ಬೆರಳು ಸುತ್ತಿ ಹಿಡಿದಾಗ ಎಂಜಿನ್ ಹಿಂದಕ್ಕೆ ಒದೆದರೆ ಕೈ ಮುರಿಯುವುದೂ ಇತ್ತು. ಬಂದ್ ಬೀಳುವುದು ಇಷ್ಟು ದುಬಾರಿಯಾಗಿದ್ದುದರಿಂದಲೇ ಹಳೆಯ ಚಾಲಕರ ಪಾದ ಅಷ್ಟು ಪಳಗಿತ್ತು ಎನ್ನಬೇಕು.

ಬೇಸಿಗೆಯಲ್ಲಿ ಕ್ಲಚ್ಚಿನ ತಪ್ಪಿಲ್ಲದೆಯೂ ಗಾಡಿ ನಿಲ್ಲುತ್ತಿತ್ತು. ಇಲ್ಲಿಯ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಎಂಜಿನ್ನಿನ ಪಕ್ಕದ ಪಂಪಿನಲ್ಲೇ ಪೆಟ್ರೋಲು ಆವಿಯಾಗಿ ಕಾರ್ಬ್ಯುರೇಟರಿಗೆ ಏರುತ್ತಿರಲಿಲ್ಲ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ತಣಿಸುವುದೇ ಅದಕ್ಕೆ ಮದ್ದು. ಸುಮಾರು 2000ದ ನಂತರದ ಇಂಜೆಕ್ಷನ್ ಕಾರುಗಳಲ್ಲಿ ಟ್ಯಾಂಕಿನೊಳಗಿನ ಪಂಪು ಒತ್ತಡದಲ್ಲಿ ಪೆಟ್ರೋಲು ಕಳಿಸುವುದರಿಂದ ಈ ಕಾಟ ಬಹುಮಟ್ಟಿಗೆ ತಪ್ಪಿತು. ತಣ್ಣಗಿನ ಎಂಜಿನ್ ಹೊತ್ತಿಸಲು ಚೋಕ್ ಎಳೆಯುವ ಕೆಲಸವೂ ಹೋಯಿತು.

ಏರಿನ ಕಷ್ಟ ಮಾತ್ರ ಉಳಿಯಿತು. ಸುತ್ತ ಗುಡ್ಡಗಳಿರುವ ಸುರಪುರದಂಥ ಊರಿನಲ್ಲಿ ಏರಿನ ಮಧ್ಯೆ ನಿಂತು ಹೊರಡುವುದೇ ಚಾಲಕನಿಗೆ ನಿಜವಾದ ಪರೀಕ್ಷೆ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ, ತುಸು ರೇಸ್ ಕೊಡುತ್ತ ಕ್ಲಚ್ ಮೆಲ್ಲಗೆ ಬಿಡಬೇಕು. ಎಂಜಿನ್ನಿನ ಸದ್ದು ಕುಗ್ಗಿ ಬಾನೆಟ್ ಚೂರು ಮೇಲೆದ್ದಾಗ ಪಾದವನ್ನು ಅಲ್ಲೇ ತಡೆದು ಬ್ರೇಕ್ ಇಳಿಸಬೇಕು. ಕ್ಲಚ್ ಅರ್ಧ ಹಿಡಿದ ಈ ಸ್ಥಿತಿಯೇ ಹಾಫ್ ಕ್ಲಚ್; ಅದರಲ್ಲೇ ಬಹಳ ಹೊತ್ತು ನಿಂತರೆ ಕ್ಲಚ್ ಪ್ಲೇಟು ಸುಡುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮ, ಕಡಿದಾದ ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಜಾರದಂತೆ ಹೊರಡಿಸುವುದನ್ನೂ ಲೈಸೆನ್ಸ್ ಪರೀಕ್ಷೆಗೆ ಸೇರಿಸಿದೆ.

2014ರಲ್ಲಿ ಮಾರುತಿ ಸೆಲೆರಿಯೊ ತಂದ ತಾನೇ ಬದಲಾಗುವ ಎಎಂಟಿ ಗೇರಿನಲ್ಲಿ ಕ್ಲಚ್ ಪೆಡಲ್ಲೇ ಇಲ್ಲ. ಹಿಡಿದು ಬಿಡುವ ಕೆಲಸವನ್ನು ಯಂತ್ರವೇ ಮಾಡುತ್ತದೆ.