ಮೀನಿನ ಹೆಜ್ಜೆ

ನೀರಿನಲ್ಲಿ ಮೀನಿನ ಹೆಜ್ಜೆಯನ್ನು ಹುಡುಕುವುದೆಂದರೆ ಆಗದ ಕೆಲಸಕ್ಕೆ ಕೈಹಾಕುವುದೆಂದೇ ನಮ್ಮ ಹಿರಿಯರು ತಿಳಿದಿದ್ದರು. ನೆಲದ ಮೇಲೆ ನಡೆದವನ ಗುರುತು ಸ್ವಲ್ಪ ಕಾಲವಾದರೂ ಉಳಿಯುತ್ತದೆ. ನೀರಿನಲ್ಲಿ ಈಜಿದುದರ ಗುರುತು ಆ ಕ್ಷಣವೇ ಮುಚ್ಚಿಹೋಗುತ್ತದೆ. ಈಚಿನ ವರ್ಷಗಳಲ್ಲಿ ವಿಜ್ಞಾನವು ಈ ತಿಳಿವಳಿಕೆಯನ್ನು ತಿದ್ದಿದೆ. ಮೀನಾಗಲಿ, ಹುಳುವಾಗಲಿ, ಕಣ್ಣಿಗೆ ಕಾಣದ ಜೀವಾಣುವಾಗಲಿ, ತಾನಿದ್ದ ನೀರಿನಲ್ಲಿ, ಕೆಸರಿನಲ್ಲಿ ತನ್ನ ಗುರುತನ್ನು ಬಿಟ್ಟೇ ಹೋಗುತ್ತದೆ. ಆ ಗುರುತನ್ನು ಓದುವ ವಿದ್ಯೆ ಹೇಗೆ ಬೆಳೆಯಿತು, ಮೀನು ಸಾಕುವ ಕಸುಬಿಗೂ ಅದಕ್ಕೂ ನಂಟು ಹೇಗೆ ಬಿದ್ದಿತು ಎಂಬುದು ಕೇಳತಕ್ಕ ಕಥೆ.

ಮೀನನ್ನು ಕೊಳದಲ್ಲಿ ಸಾಕುವುದು ಬಹಳ ಹಳೆಯ ರೂಢಿ. ಸಮುದ್ರದಲ್ಲಿಯೇ ಬಲೆಯ ಪಂಜರಗಳನ್ನು ತೇಲಿಬಿಟ್ಟು ದೊಡ್ಡ ಪ್ರಮಾಣದಲ್ಲಿ ಸಾಕುವುದು ಮಾತ್ರ ಈಚಿನದು. ನಾರ್ವೆ ದೇಶದ ಹಿತ್ರಾ ದ್ವೀಪದಲ್ಲಿ ಗ್ರೊಂಟ್‌ವೆಟ್ ಎಂಬ ಮನೆತನದ ಅಣ್ಣತಮ್ಮಂದಿರಿಬ್ಬರು 1970ರಲ್ಲಿ ಸಾಲ್ಮನ್ ಮರಿಗಳನ್ನು ಇಂಥ ಪಂಜರದಲ್ಲಿ ಬಿಟ್ಟು ಸಾಕಿ ಗೆದ್ದರು. ಅವರ ದಾರಿಯಲ್ಲಿ ನಡೆದ ನಾರ್ವೆ ಈಗ ವರ್ಷಕ್ಕೆ ಸುಮಾರು 15 ಲಕ್ಷ ಟನ್ ಸಾಲ್ಮನ್ ಬೆಳೆಯುತ್ತದೆ. ಪ್ರಪಂಚದ ಲೆಕ್ಕವನ್ನೇ ತೆಗೆದುಕೊಂಡರೆ, ಸಾಕಿದ ಮೀನು, ಸಿಗಡಿ ಮೊದಲಾದ ಜಲಪ್ರಾಣಿಗಳ ತೂಕವು ಹಿಡಿದುವುಗಳ ತೂಕವನ್ನು 2022ರಲ್ಲಿ ಮೊದಲ ಬಾರಿಗೆ ಮೀರಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತಿಳಿಸಿದೆ. ಆ ವರ್ಷ ಸಾಕಿದುದೇ 9.44 ಕೋಟಿ ಟನ್.

ಬಹು ಜನರಿಗೆ ಆಹಾರವನ್ನೂ ಕೆಲಸವನ್ನೂ ಕೊಡುವ ಕಸುಬಿದು, ಹಳಿಯತಕ್ಕದ್ದಲ್ಲ. ಆದರೆ ನೂರು ಜನರಿಗೆ ಉಣಬಡಿಸುವ ಮನೆಯಲ್ಲಿ ಬಚ್ಚಲ ಮೋರಿ ಎಲ್ಲಿಗೆ ಹೋಗುತ್ತದೆಂದು ವಿಚಾರಿಸಬೇಕಲ್ಲವೆ? ಪಂಜರದ ಮೀನು ತಿನ್ನದೆ ಬಿಟ್ಟ ಮೇವೂ ಅದರ ಮಲವೂ ನೇರವಾಗಿ ಕೆಳಗಿನ ನೆಲಕ್ಕೆ ಇಳಿಯುತ್ತವೆ. ಸೆಳವು ಚೆನ್ನಾಗಿರುವಲ್ಲಿ ಅವು ಚದರಿ ಹೋಗುತ್ತವೆ. ನೀರು ನಿಂತಂತಿರುವಲ್ಲಿ ಪದರವಾಗಿ ಕೂಡುತ್ತವೆ. ಅದನ್ನು ಕೊಳೆಯಿಸುವ ಜೀವಾಣುಗಳು ಕೆಸರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಬಳಿಕ ಕೊಳೆತ ಮೊಟ್ಟೆಯ ನಾತದ ಅನಿಲ ಹುಟ್ಟುತ್ತದೆ. ನೆಲದ ಮೇಲೆ ಬಿಳಿಯ ಜೀವಾಣುಗಳ ಹೊದಿಕೆ ಹರಡುತ್ತದೆ. ಮೇಲಿನ ನೀರು ಮಾತ್ರ ಎಂದಿನಂತೆ ತಿಳಿಯಾಗಿಯೇ ಕಾಣುತ್ತದೆ. ದೋಣಿಯಲ್ಲಿ ನಿಂತವನಿಗೆ ಏನೂ ತಿಳಿಯದು.

ಕಾಣದ ಆ ನೆಲದ ಸಮಾಚಾರವನ್ನು ತರುವವರು ಯಾರು? ಇದಕ್ಕೆ ಮೊದಲ ಉಪಾಯವನ್ನು ಹೂಡಿದವರಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿ ಮುಖ್ಯನು. ಮೀನಿಗೆ ತಿನ್ನಲು ಸಮುದ್ರದ ತಳದಲ್ಲಿ ಎಷ್ಟು ಜೀವರಾಶಿ ಇದೆಯೆಂದು ಅಳೆಯಬೇಕೆಂಬುದು ಆತನ ಹಟ. ಗೊತ್ತಾದ ಅಳತೆಯ ನೆಲವನ್ನು ಬಾಚಿಕೊಂಡು ಮೇಲೆ ಬರುವ ಕಬ್ಬಿಣದ ದವಡೆಯೊಂದನ್ನು ಆತನು ಬಳಕೆಗೆ ತಂದನು. ಬಂದ ಕೆಸರನ್ನು ಜರಡಿಯಲ್ಲಿ ತೊಳೆದು, ಉಳಿದ ಹುಳು, ಚಿಪ್ಪುಗಳನ್ನು ಹೆಸರು ಹಿಡಿದು ಎಣಿಸಿ ತೂಗುವುದು ಆತನ ಕ್ರಮ. 1911ರಲ್ಲಿ ಅದರ ವರದಿ ಹೊರಬಂದಿತು. ಆ ಜರಡಿಯೂ ಆ ಎಣಿಕೆಯೂ ಸುಮಾರು ನೂರು ವರ್ಷ ಕಡಲ ತಳದ ಪರೀಕ್ಷೆಗೆ ಆಧಾರವಾಗಿ ನಿಂತುವು.

ಎಣಿಕೆಗೆ ಅರ್ಥವನ್ನು ಕೊಟ್ಟವರು ಸ್ಕಾಟ್ಲೆಂಡಿನಲ್ಲಿ ದುಡಿದ ಪಿಯರ್ಸನ್ ಮತ್ತು ಸ್ವೀಡನ್ನಿನ ರೋಸೆನ್‌ಬರ್ಗ್. ಕೊಳೆಯುವ ಪದಾರ್ಥ ಹೆಚ್ಚಿದಂತೆ ತಳದ ಜೀವಿಗಳು ಒಂದು ನಿಯಮದಂತೆ ಬದಲಾಗುತ್ತವೆಂದು ಅವರು 1978ರಲ್ಲಿ ತೋರಿಸಿದರು. ದೊಡ್ಡವೂ ಆಳಕ್ಕೆ ಬಿಲ ತೋಡುವವೂ ಮೊದಲು ಮರೆಯಾಗುತ್ತವೆ. ಅವುಗಳ ಜಾಗದಲ್ಲಿ ಕ್ಯಾಪಿಟೆಲ್ಲ ಎಂಬ ಕೆಂಪು ದಾರದಂಥ ಹುಳು ಲೆಕ್ಕವಿಲ್ಲದಷ್ಟು ತುಂಬಿಕೊಳ್ಳುತ್ತದೆ. ಕೊನೆಗೆ ಅದೂ ಇಲ್ಲವಾಗುತ್ತದೆ. ಹೀಗೆ ಯಾರು ಉಳಿದರು, ಯಾರು ಹೋದರು ಎಂದು ಕೇಳಿದರೆ ನೆಲದ ಆರೋಗ್ಯವನ್ನು ಹೇಳಬಹುದಾಯಿತು.

ಆದರೆ ಈ ಕೆಲಸ ನಿಧಾನದ್ದು. ಒಂದೊಂದು ಹುಳುವನ್ನೂ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಅದರ ರೋಮವನ್ನೂ ದವಡೆಯನ್ನೂ ನೋಡಿ ಹೆಸರಿಡಬೇಕು. ಹಾಗೆ ಹೆಸರು ಹಿಡಿಯಬಲ್ಲವರು ವಿರಳ. ವರದಿ ಕೈಸೇರಲು ವಾರಗಳು, ಎಷ್ಟೋ ವೇಳೆ ತಿಂಗಳುಗಳು ಬೇಕು. ಪಂಜರವನ್ನು ಬೇರೆಡೆಗೆ ಸಾಗಿಸಬೇಕೇ, ರೈತನು ಹೊಲವನ್ನು ಬೀಳು ಬಿಡುವಂತೆ ಆ ಜಾಗವನ್ನು ಕೆಲಕಾಲ ಬಿಡಬೇಕೇ ಎಂಬ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಕೇಡು ಮುಂದುವರಿದಿರುತ್ತದೆ.

ಇಲ್ಲಿಗೆ ನಮ್ಮ ಕಥೆಯ ಎರಡನೆಯ ಎಳೆ ಬಂದು ಸೇರುತ್ತದೆ. ಪ್ರತಿ ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಎಳೆಯುಂಟು, ಆ ಜೀವಿಯ ವಂಶದ ಬರಹ ಅದರಲ್ಲಿದೆ. ಉದುರಿದ ಚರ್ಮ, ಲೋಳೆ, ಮಲ ಇವುಗಳೊಡನೆ ಆ ಬರಹದ ತುಣುಕುಗಳು ನೀರಿಗೂ ಕೆಸರಿಗೂ ಬೀಳುತ್ತವೆ. ಅವು ಅತಿ ಸ್ವಲ್ಪ. ಅಮೆರಿಕದ ಕ್ಯಾರಿ ಮಲ್ಲಿಸ್ 1983ರಲ್ಲಿ ಕಂಡುಕೊಂಡ ವಿಧಾನವು ಈ ತೊಡಕನ್ನು ಬಿಡಿಸಿತು. ಚದುರಂಗದ ಮಣೆಯ ಮನೆಮನೆಗೂ ಕಾಳು ಇಮ್ಮಡಿಸುವ ಕಥೆಯನ್ನು ನೀವು ಕೇಳಿರಬಹುದು. ಹಾಗೆಯೇ ಒಂದು ತುಣುಕು ಎರಡಾಗಿ, ಎರಡು ನಾಲ್ಕಾಗಿ, ಲೆಕ್ಕದಂತೆ 30 ಸುತ್ತಿನಲ್ಲಿ 100 ಕೋಟಿಯನ್ನು ಮೀರುತ್ತದೆ. ಆಗ ಓದುವುದು ಸುಲಭ. ಮಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಹುಮಾನ ಬಂದಿತು.

2008ರಲ್ಲಿ ಫ್ರಾನ್ಸಿನ ಕೊಳಗಳಿಂದ ತೆಗೆದ ಸ್ವಲ್ಪ ನೀರನ್ನು ಹೀಗೆ ಪರೀಕ್ಷಿಸಿ, ಹೊರಗಿನಿಂದ ಬಂದು ಬೇರೂರಿದ್ದ ಅಮೆರಿಕದ ದೊಡ್ಡ ಕಪ್ಪೆ ಅಲ್ಲಿದೆಯೆಂದು ವಿಜ್ಞಾನಿಗಳು ಕಂಡುಕೊಂಡರು. ಕಪ್ಪೆಯನ್ನು ಹಿಡಿಯಬೇಕಾಗಲಿಲ್ಲ, ನೋಡಬೇಕಾಗಲೂ ಇಲ್ಲ. ಮೀನಿನ ಪಂಜರದ ಕೆಳಗಿನ ಕೆಸರಿಗೂ ಇದೇ ವಿದ್ಯೆಯನ್ನು ಅನ್ವಯಿಸಲು ಬಹಳ ಕಾಲ ಹಿಡಿಯಲಿಲ್ಲ. ಜಿನೀವಾದ ಪಾವ್ಲೋವ್‌ಸ್ಕಿ ಮತ್ತು ಆತನ ಜೊತೆಗಾರರು ಸ್ಕಾಟ್ಲೆಂಡಿನ ಸಾಲ್ಮನ್ ಸಾಕಣೆಯ ತಾಣಗಳಿಂದ ಕೆಸರನ್ನು ತರಿಸಿ, ಫೊರಾಮಿನಿಫೆರ ಎಂಬ ಏಕಕೋಶದ ಜೀವಿಗಳ ಡಿ.ಎನ್.ಎ.ಯನ್ನು ಓದಿ, 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪಂಜರಕ್ಕೆ ಹತ್ತಿರವಾದಂತೆ ಅವುಗಳ ಕೂಟ ಬದಲಾಗುವುದು ಅಲ್ಲಿ ಕಂಡಿತು. ಮರುವರ್ಷ ನ್ಯೂಜಿಲೆಂಡಿನ ಸಾಲ್ಮನ್ ತಾಣಗಳಿಂದಲೂ ಇಂಥದೇ ಸಾಕ್ಷ್ಯ ಬಂದಿತು. ಅದೇ 2015ರಲ್ಲಿ ಜರಡಿಯ ಎಣಿಕೆಯನ್ನೂ ಡಿ.ಎನ್.ಎ. ಓದಿಕೆಯನ್ನೂ ಎದುರುಬದುರಿಟ್ಟು ನೋಡಿದ ಇನ್ನೊಂದು ಪರೀಕ್ಷೆಯಲ್ಲಿ ಎರಡೂ ಸರಿಸಮನಾಗಿ ನಿಂತುವು.

ಹಾಗಾದರೆ ಜರಡಿಯನ್ನು ಅಟ್ಟಕ್ಕೆ ಎಸೆಯಬಹುದೇ? ಅವಸರ ಬೇಡ. ಡಿ.ಎನ್.ಎ. ಯಾರಿದ್ದರೆಂದು ಹೇಳುತ್ತದೆ, ಎಷ್ಟು ಮಂದಿಯೆಂದು ಖಚಿತವಾಗಿ ಹೇಳದು. ಸತ್ತದ್ದರ ತುಣುಕೂ, ಸೆಳವಿನಲ್ಲಿ ಬೇರೆಡೆಯಿಂದ ಬಂದುದೂ ಅದರಲ್ಲಿ ಬೆರೆತಿರಬಹುದು. ಎಲ್ಲಕ್ಕೂ ಮಿಗಿಲಾಗಿ, ಓದಿದ ತುಣುಕು ಯಾರದೆಂದು ತಿಳಿಯಲು ಹೆಸರುಗಳ ಪಟ್ಟಿ ಬೇಕು. ಆ ಪಟ್ಟಿ ಬೆಳೆಯುವುದು ಹುಳುವನ್ನು ಕಣ್ಣಾರೆ ನೋಡಿ ಹೆಸರು ಹಿಡಿಯಬಲ್ಲವರಿಂದಲೇ. ಕೆಸರಿನಿಂದ ಓದಿದ ತುಣುಕುಗಳಲ್ಲಿ ಬಹಳಷ್ಟಕ್ಕೆ ಇಂದಿಗೂ ಹೆಸರಿಲ್ಲ.

2017ರಲ್ಲಿ ಇದಕ್ಕೊಂದು ಬಳಸುದಾರಿ ತೋರಿತು. ನಾರ್ವೆಯ ತಾಣಗಳ ಕೆಸರಿನಲ್ಲಿ ಸಿಕ್ಕ ತುಣುಕುಗಳನ್ನು, ಹೆಸರು ತಿಳಿಯದಿದ್ದವನ್ನೂ ಬಿಡದೆ, ಗಣಕಯಂತ್ರಕ್ಕೆ ಒಪ್ಪಿಸಿದರು. ಯಾವ ತುಣುಕುಗಳು ಕೆಟ್ಟ ನೆಲದಲ್ಲಿ, ಯಾವುವು ಒಳ್ಳೆಯ ನೆಲದಲ್ಲಿ ಕಾಣುತ್ತವೆಂಬುದನ್ನು ಯಂತ್ರವೇ ಕಲಿತು, ಹೊಸ ಮಾದರಿಯ ಗುಣವನ್ನು ಹೇಳಿತು. ಆದರೆ ಒಳ್ಳೆಯದು ಇದು, ಕೆಟ್ಟುದು ಇದು ಎಂದು ಮೊದಲು ಯಂತ್ರಕ್ಕೆ ಕಲಿಸಿದ ಪಾಠವು ಪೀಟರ್ಸನ್ನನ ಜರಡಿಯ ಸಂಪ್ರದಾಯದಿಂದಲೇ ಬಂದುದು. ಹಳೆಯ ವಿದ್ಯೆಯ ಹೆಗಲ ಮೇಲೆಯೇ ಹೊಸತು ನಿಂತಿದೆ. ಹೆಗಲು ಕುಸಿದರೆ ಎರಡೂ ಬೀಳುತ್ತವೆ.

ನಮ್ಮ ಕರಾವಳಿಗೆ ಇದು ಹೊರಗಿನ ಮಾತಲ್ಲ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮುಂದಾಳುತನದಲ್ಲಿ ಕಾರವಾರದ ಕಡಲಿನಲ್ಲಿಯೂ ಪಂಜರದ ಸಾಕಣೆ ನಡೆದಿದೆ. ಉಡುಪಿ, ಉತ್ತರ ಕನ್ನಡಗಳ ಅಳಿವೆಗಳಲ್ಲಿಯೂ ಪಂಜರಗಳು ತೇಲಿವೆ. ಅದೇ ಅಳಿವೆಯ ಕೆಸರಿನಲ್ಲಿ ಕೈಯಾಡಿಸಿ ಚಿಪ್ಪು ಹೆಕ್ಕಿ ಬದುಕುವ ಮನೆಗಳೂ ಉಂಟು. ಕಾಣದ ನೆಲ ಕೆಟ್ಟರೆ ಮೊದಲ ಪೆಟ್ಟು ಬೀಳುವುದು ಅವರ ಬುಟ್ಟಿಗೆ. ಚಳಿನಾಡಿನ ಹುಳುಗಳ ಪಟ್ಟಿಯಿಂದ ನಮ್ಮ ಕೆಸರನ್ನು ಓದಲಾಗದು. ನಮ್ಮ ಹುಳುಗಳಿಗೆ ಹೆಸರು ಹಿಡಿಯುವ ತರುಣರು ನಮ್ಮಲ್ಲಿಯೇ ತಯಾರಾಗಬೇಕು. ಮೀನಿನ ಹೆಜ್ಜೆ ಮೂಡಿಯೇ ಇದೆ. ಓದುವವರು ಬೇಕು, ಅಷ್ಟೆ.